ಅಜ್ಜಿಗಾಗಿ ಕಲಿತ ಮಾತು

“ಗುರುಗಳೇ, ಮಠದ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುತ್ತಿದ್ದೇನೆ. ಒಂದು ತಪ್ಪನ್ನೂ ಬಿಡದೆ ತಿದ್ದಿದ್ದೇನೆ. ಈಗ ಅವರು ಒಂದಕ್ಷರವೂ ತಪ್ಪುವುದಿಲ್ಲ. ಆದರೂ ಕೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಇನ್ನೇನನ್ನು ತಿದ್ದಲಿ?” ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ನಕ್ಕರು. “ಅಬ್ಬಾ, ನಿನ್ನ ಕಣ್ಣಿಗೂ ಬೀಳದ ತಪ್ಪು ಒಂದಿದೆಯೇನಯ್ಯಾ? ಹಾಗಾದರೆ ಕೂತುಕೋ. ನಿನ್ನಂಥವನೇ ಒಬ್ಬ ಶಿಕ್ಷಕನ ಕತೆ ಹೇಳುತ್ತೇನೆ” ಎಂದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ವರ್ತಕನಿದ್ದ. ಮೆಣಸಿನ ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋದವನು ಅಲ್ಲಿಯ ಹೆಣ್ಣನ್ನೇ ಮದುವೆಯಾಗಿ ಬಂದಿದ್ದ. ಆಕೆ ಒಂದು ಹೆಣ್ಣು ಮಗುವನ್ನು ಹೆತ್ತು, ಅದು ಮಾತು ಕಲಿಯುವ ಮೊದಲೇ ತೀರಿಕೊಂಡಳು. ಮಗುವಿನ ಹೆಸರು ಇಳಾ. ಇಳಾಗೆ ಆರು ವರ್ಷವಾದಾಗ, ತಾಯಿಯ ತಾಯಿ ಮೊಮ್ಮಗಳನ್ನು ನೋಡಲು ಹಡಗು ಹತ್ತಿದ್ದಾಳೆಂದು ಸುದ್ದಿ ಬಂತು. ಆ ಮುದುಕಿಗೆ ಫ್ರೆಂಚ್ ಬಿಟ್ಟರೆ ಬೇರೆ ಬಾರದು. ಮಗುವಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆ ವಯಸ್ಸಿನಲ್ಲಿ ಮುದುಕಿ ಇನ್ನೊಮ್ಮೆ ಕಡಲು ದಾಟಿ ಬರುವುದಂತೂ ಆಗದ ಮಾತು.

“ಅಜ್ಜಿಯ ಹತ್ತಿರ ನಾನೇ ಮಾತಾಡಬೇಕು. ನೀನು ಮಧ್ಯೆ ಬಾಯಿ ಹಾಕಬೇಡ ಅಪ್ಪಾ” ಎಂದು ಇಳಾ ಹಠ ಹಿಡಿದಳು.

ವರ್ತಕ ಒಬ್ಬ ಶಿಕ್ಷಕನನ್ನು ಕರೆಸಿದ. ಪುದುಚೇರಿಯಲ್ಲಿ ಫ್ರೆಂಚ್ ಓದಿ ಬಂದವನು. ತನ್ನ ವಿದ್ಯೆಯ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. “ಚಿಂತೆ ಬಿಡಿ ಸಾಹುಕಾರರೇ, ಹಡಗು ದಡ ಮುಟ್ಟುವ ಹೊತ್ತಿಗೆ ಮಗು ಆ ದೇಶದಲ್ಲೇ ಹುಟ್ಟಿದವಳಂತೆ ಮಾತಾಡುತ್ತಾಳೆ” ಎಂದ.

ಸುಮ್ಮನೆ ಕೊಚ್ಚಿಕೊಂಡದ್ದಲ್ಲ, ಅವನು ಕೆಲಸ ಬಲ್ಲವನೇ. ದೊಡ್ಡ ಮಾತುಗಳಿಗೆ ಕೈ ಹಾಕಲಿಲ್ಲ. ಬೋಂಜೂರ್ ಎಂದರೆ ನಮಸ್ಕಾರ, ಮೆರ್ಸಿ ಎಂದರೆ ಉಪಕಾರವಾಯಿತು, ಓ ಎಂದರೆ ನೀರು, ಲ್ಯೂನ್ ಎಂದರೆ ಚಂದ್ರ, ಗ್ರಾಂಮೇರ್ ಎಂದರೆ ಅಜ್ಜಿ. ಹೀಗೆ ಮಗುವಿಗೆ ಬೇಕಾದಷ್ಟೇ. ಫ್ರೆಂಚರ ಗಂಟಲಿನ ರಕಾರ ಬಾರದಿದ್ದಾಗ, ಬಾಯಿಗೆ ನೀರು ಹಾಕಿಸಿ, ತಲೆ ಎತ್ತಿಸಿ ಗಳಗಳ ಎನ್ನಿಸಿದ. “ಹಾಂ, ಅಲ್ಲೇ! ಆ ಜಾಗದಿಂದಲೇ ಹೇಳು” ಎಂದ. ಲ್ಯೂನ್ ಬಾರದಿದ್ದಾಗ, ಸಿಳ್ಳೆ ಹಾಕುವಂತೆ ತುಟಿ ಚೂಪು ಮಾಡಿಸಿ ಒಳಗಿನಿಂದ ‘ಈ’ ಎನ್ನಿಸಿದ. ಮಗು ಅಂಗಿಯೆಲ್ಲ ನೆನೆಸಿಕೊಂಡು ನಗುನಗುತ್ತ ಕಲಿಯಿತು.

ಅವನಿಗೊಂದು ಅಭ್ಯಾಸವಿತ್ತು. ಮಾತು ಸರಿಯಾದರೆ ತಲೆಯಾಡಿಸುವನು, ತಪ್ಪಾದರೆ ಹುಬ್ಬು ಗಂಟಿಕ್ಕುವನು. ಬೈದವನಲ್ಲ, ಹೊಡೆದವನಲ್ಲ. ತಲೆಯಾಡಿಸುವವರೆಗೆ ಮುಂದಿನ ಮಾತಿಲ್ಲ, ಅಷ್ಟೇ. ಬರಬರುತ್ತ ಮಗು ಬಾಯಿ ತೆರೆಯುವ ಮೊದಲೇ ಅವನ ಮುಖ ನೋಡತೊಡಗಿತು. ಎಂಥ ಶ್ರದ್ಧೆ ಎಂದು ಶಿಕ್ಷಕ ಒಳಗೊಳಗೇ ಹಿಗ್ಗಿದ.

ಹಡಗು ಬಂತು. ಅಜ್ಜಿ ಮನೆಗೆ ಬಂದು ಪಡಸಾಲೆಯಲ್ಲಿ ಕೂತು ಎರಡೂ ಕೈ ಚಾಚಿದಳು. ಶಿಕ್ಷಕ ಎದೆಯುಬ್ಬಿಸಿಕೊಂಡು ಬಾಗಿಲ ಬಳಿ ನಿಂತಿದ್ದ. ಇಳಾ ಅಜ್ಜಿಯ ಮುಂದೆ ಹೋಗಿ ನಿಂತಳು. ಗಿರಕ್ಕನೆ ಹಿಂದೆ ತಿರುಗಿ, ಶಿಕ್ಷಕನ ಮುಖ ನೋಡುತ್ತ, “ಬೋಂಜೂರ್, ಗ್ರಾಂಮೇರ್” ಎಂದಳು. ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಶಿಕ್ಷಕ ತಲೆಯಾಡಿಸಿದ.

ಅಜ್ಜಿ ಒಂದು ಗೊಂಬೆ ಕೊಟ್ಟಳು. ಮಗು ಅದನ್ನು ಎದೆಗವಚಿಕೊಂಡು, ಮತ್ತೆ ತಿರುಗಿ, ಅವನಿಗೇ “ಮೆರ್ಸಿ” ಎಂದಿತು. ಅಜ್ಜಿಗೆ ನೀರು ಬೇಕೇ ಎಂದು ಕೇಳಿದ್ದೂ ಅವನ ಮುಖ ನೋಡಿಯೇ. ಅಷ್ಟು ದೊಡ್ಡ ಕಡಲು ದಾಟಿ ಬಂದ ಮುದುಕಿ ಮೊಮ್ಮಗಳ ಜಡೆ ನೋಡುತ್ತ ಕೂತಳು. ಅವಳ ಕಣ್ಣು ತುಂಬಿತು.

“ಮಗುವಿಗೆ ನನ್ನ ಮುಖ ಇಷ್ಟವಾಗಲಿಲ್ಲವೇ?” ಎಂದು ಶಿಕ್ಷಕನನ್ನು ತನ್ನ ಭಾಷೆಯಲ್ಲಿ ಕೇಳಿದಳು.

ಅಯ್ಯೋ, ನಾನೆಂಥ ಕೆಲಸ ಮಾಡಿದೆ ಎಂದು ಶಿಕ್ಷಕನಿಗೆ ಆಗ ಹೊಳೆಯಿತು. ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಆಮೇಲೆ ಒಳಗೆ ಇಳಾ, “ಗ್ರಾಮೇರಾ” ಎಂದಳು. ಮೂಗಿನ ಸ್ವರವಿಲ್ಲ, ಗಂಟಲಿನ ರಕಾರವಿಲ್ಲ, ಕೊನೆಯಲ್ಲಿ ಬೇಡದ ದೀರ್ಘ ಬೇರೆ. ತಿದ್ದಲೆಂದು ಶಿಕ್ಷಕನ ಕೈ ತಾನಾಗಿಯೇ ಬಾಗಿಲಿಗೆ ಹೋಯಿತು. ಅಷ್ಟರಲ್ಲಿ ಅಜ್ಜಿ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಅವಳ ಜೊತೆಗೆ ಮಗುವೂ ನಕ್ಕಿತು. ಶಿಕ್ಷಕ ಕೈ ಹಿಂದಕ್ಕೆ ತೆಗೆದುಕೊಂಡು ಜಗಲಿಯ ಮೇಲೆ ಕೂತ. ಸಂಜೆಯವರೆಗೂ ಒಳಗೆ ಮಾತು ತಪ್ಪುತ್ತಲೇ ಇತ್ತು, ನಗು ನಿಲ್ಲಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ತಿದ್ದಲೇಬಾರದೇ ಗುರುಗಳೇ?” ಎಂದ ಮರುಳಯ್ಯ.

“ಛೆ, ಯಾರು ಹೇಳಿದರು? ಅವನು ಕಲಿಸದಿದ್ದರೆ ಅಜ್ಜಿಯನ್ನು ಕರೆಯಲು ಆ ಮಗುವಿಗೆ ಮಾತೇ ಇರುತ್ತಿರಲಿಲ್ಲ” ಎಂದ ಗುರುಗಳು ಎದ್ದು ನಿಂತು, ಶಿಷ್ಯನ ಹೆಗಲ ಮೇಲೆ ಕೈಯಿಟ್ಟರು.

“ಆದರೆ ಮರುಳಯ್ಯ, ಮಠದ ಮಕ್ಕಳು ಇಷ್ಟು ದಿನವೂ ಕೈ ಮುಗಿದದ್ದು ನಿನಗೆ.”