ಜಿಂಕೆಮರಿಗೆ ಅಂಟಿದ ಕೇದಗೆಯ ಹುಡಿ

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಹೊಳೆಗಳಿಗೆ ತಮ್ಮ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಎದುರಿಗೆ ಸಿಕ್ಕ ಬಂಡೆಯನ್ನೆಲ್ಲ "ಕಡಲು ಯಾವ ಕಡೆಗಪ್ಪಾ?" ಎಂದು ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗೆ ಮಾತ್ರ ಎಲ್ಲ ದಾರಿಯೂ ಗೊತ್ತಿತ್ತು. ಅಲ್ಲಿಯ ಸುದ್ದಿ ಇಲ್ಲಿಗೆ, ಇಲ್ಲಿಯ ಸುದ್ದಿ ಅಲ್ಲಿಗೆ ಮುಟ್ಟಿಸುವುದೇ ಅದರ ಕೆಲಸ. ಅದರ ಬಾಯಲ್ಲಿ ಒಂದು ಗುಟ್ಟೂ ನಿಲ್ಲುತ್ತಿರಲಿಲ್ಲ.

ಆಗ ಜಿಂಕೆಗಳ ಮೈಮೇಲೆ ಒಂದೇ ಒಂದು ಚುಕ್ಕೆಯೂ ಇರಲಿಲ್ಲ. ಒಣಗಿದ ಹುಲ್ಲಿನ ಬಣ್ಣ, ಹುಲ್ಲಿನದೇ ವಾಸನೆ. ಹಸಿದ ಸೀಳುನಾಯಿ ಬಂದು "ಏನೈತೆ ಅಲ್ಲಿ?" ಎಂದು ಕೇಳಿದರೆ ಗಾಳಿ ಮೂಸಿ ನೋಡಿ "ಹುಲ್ಲೈತೆ" ಎನ್ನುತ್ತಿತ್ತು. ಸುಳ್ಳು ಹೇಳುವ ಜಾಯಮಾನ ಅದರದಲ್ಲ, ಅದಕ್ಕೆ ಗೊತ್ತಾಗುತ್ತಿದ್ದುದೇ ಅಷ್ಟು. ಹಾಗಾಗಿ ತಾಯಿಜಿಂಕೆಗಳು ಮರಿಗಳ ಪಕ್ಕೆಗೆ ಪಕ್ಕೆ ತಾಗಿಸಿಕೊಂಡು ಹಗಲೆಲ್ಲ ಹುಲ್ಲಿನಲ್ಲಿ ನಿಶ್ಚಿಂತೆಯಾಗಿ ಮಲಗುತ್ತಿದ್ದವು.

ಆ ತಾಯಂದಿರಲ್ಲಿ ಗರಿಕೆ ಎಂಬವಳೊಬ್ಬಳು. ಅವಳಿಗೆ ಚೊಚ್ಚಲ ಮರಿ, ಹೆಣ್ಣು. ಹೆಸರು ಎಸಳು. ಹೆಸರೇನೋ ಎಸಳು, ಹಟ ಮಾತ್ರ ಬಂಡೆಯಷ್ಟು. ನಿದ್ದೆ ಎಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿದರೆ ಲೋಕ ಎಲ್ಲಿ ಓಡಿಹೋಗುತ್ತದೋ ಎಂದು ಪಿಳಿಪಿಳಿ ನೋಡುತ್ತಲೇ ಇರುತ್ತಿದ್ದಳು.

"ಮಲಕ್ಕೊಳ್ಳವ್ವ."

"ಊಂಹೂಂ."

"ಕಣ್ಣಾದ್ರೂ ಮುಚ್ಚು."

"ಊಂಹೂಂ."

ಗರಿಕೆಗೆ ಸಾಕುಸಾಕಾಗಿ ಹೋಗಿತ್ತು.

ಒಂದು ದಿನ ಮಳೆ ಬಿಟ್ಟು ಬಿಸಿಲು ಬಿದ್ದಾಗ ಗರಿಕೆ ನೀರು ಕುಡಿಯಲು ಹೊಳೆಗೆ ಹೋದಳು. ದಡದಲ್ಲಿ ಕೇದಗೆಯ ಪೊದೆಯಿತ್ತು. ಗರಗಸದಂಥ ಎಲೆ, ಎಲೆಯ ಅಂಚಿಗೆಲ್ಲ ಮುಳ್ಳು. ಯಾರೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಅವತ್ತು ಮುಳ್ಳಿನ ಒಳಗಿನಿಂದ ಒಂದು ಘಮ ಬಂತು. ಮೂಗಿಗೆ ಹೊಡೆಯುವಂಥದ್ದಲ್ಲ, ಮೆತ್ತಗೆ ಬಂದು ಪಕ್ಕದಲ್ಲಿ ಕೂರುವಂಥದ್ದು. ಗರಿಕೆ ಮೂತಿ ಮುಂದೆ ಮಾಡಿ ಇಣುಕಿದಳು.

"ಬಾ ತಂಗಿ," ಎಂದಿತು ಕೇದಗೆ. "ಮುಳ್ಳು ನೋಡ್ಕಂಡು ಬಾ. ಈ ಮನೆಗೆ ಯಾರೂ ಬರಕಿಲ್ಲ. ಬಂದೋರ್ನ ಬರಿಗೈಲಿ ಕಳ್ಸಕಿಲ್ಲ ನಾನು."

ಹೂವು ಬಾಗಿ ಅವಳ ಕತ್ತಿನ ಮೇಲೆ ಒಮ್ಮೆ ಕೊಡವಿಕೊಂಡಿತು. ಬೆಳ್ಳನೆಯ ಹುಡಿ ಉದುರಿತು, ಅಕ್ಕಿಹಿಟ್ಟಿಗಿಂತ ನುಣ್ಣಗಿತ್ತು. ಗರಿಕೆಗೆ ಮೊದಲು ಸೀನು ಬಂತು. ಸೀನಿ ಮುಗಿಸಿ ತನ್ನ ಭುಜವನ್ನು ತಾನೇ ಮೂಸಿದಳು. ಇದು ತನ್ನದೇ ಮೈ ಎಂದು ನಂಬುವುದಕ್ಕೇ ಆಗಲಿಲ್ಲ.

ಹುಲ್ಲಿಗೆ ಮರಳಿದಾಗ ಎಸಳು ಎಂದಿನಂತೆ ಕಣ್ಣರಳಿಸಿಕೊಂಡು ಕೂತಿದ್ದಳು. ತಾಯಿಯ ಕತ್ತಿಗೆ ಮೂಗು ಒತ್ತಿ ಒಮ್ಮೆ ಉಸಿರೆಳೆದಳು, ಇನ್ನೊಮ್ಮೆ ಎಳೆದಳು, ಹಾಗೇ ನಿದ್ದೆ ಹೋದಳು. ಗರಿಕೆ ಅಲುಗಾಡಲಿಲ್ಲ. ಕಾಲು ಜೋಮು ಹಿಡಿದರೂ ಏಳಲಿಲ್ಲ. ಅಷ್ಟು ಸಂತೋಷ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಮಾರನೆಯ ದಿನ ಮತ್ತೆ ಹೋದಳು. ಅದರ ಮಾರನೆಯ ದಿನವೂ ಹೋದಳು. "ಏನಮ್ಮಾ ಗರಿಕೆ, ಯಾರ ಮದ್ವೆ ಹೊಂಟಿದ್ದೀಯಾ?" ಎಂದು ಉಳಿದ ಜಿಂಕೆಗಳು ರೇಗಿಸಿದರೆ, "ಮರಿ ಮಲಗ್ಲಿ ಅಂತ ಕಣ್ರವ್ವಾ" ಎನ್ನುತ್ತಿದ್ದಳು. ಮರಿಗಾಗಿಯೇ, ಸುಳ್ಳಲ್ಲ. ಆದರೆ ಹೊಳೆಯ ನೀರಿಗೆ ಬಗ್ಗಿ, ಹುಡಿ ಮೆತ್ತಿದ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿಕೊಳ್ಳುವಾಗ ಅಲ್ಲಿ ಮರಿ ಇರುತ್ತಿರಲಿಲ್ಲವಲ್ಲ!

ಹಾಗೆ ನೋಡಿಕೊಳ್ಳುತ್ತಿದ್ದಾಗಲೇ ಗಾಳಿ ಬಂದು ಅವಳಿಗೊಂದು ಸುತ್ತು ಹಾಕಿತು.

"ಏನವ್ವಾ ಇದು ಘಮಘಮಾ? ಹುಲ್ಲಲ್ವಲ್ಲ ಇದು."

"ಹುಲ್ಲಲ್ಲ ಗಾಳಣ್ಣ, ನಾನು! ಚೆಂದಾಗೈತಾ?"

"ಬೋ ಚೆಂದಾಗೈತೆ. ಎಲ್ರಿಗೂ ಹೇಳ್ತೀನಿ ಕಣವ್ವ."

"ಹೇಳು, ಹೇಳು. ಗರಿಕೆ ಎಲ್ಲವ್ಳೆ ಅಂತ ಗುಡ್ಡದಾಚೆಗೂ ಗೊತ್ತಾಗ್ಲಿ."

ಗಾಳಿಗೆ ಅಷ್ಟೇ ಬೇಕಿತ್ತು. ಗುಡ್ಡ ಹತ್ತಿ ಹೊರಟೇಹೋಯಿತು.

ಆ ದಿನ ಗರಿಕೆ ಮರಿಗೂ ಹುಡಿ ತಂದಳು. ತನ್ನ ಒದ್ದೆ ಮೂತಿಗೆ ಮೆತ್ತಿಸಿಕೊಂಡು ಬಂದು ಬೆನ್ನಿಗೊಂದು, ಪಕ್ಕೆಗೊಂದು, ತೊಡೆಗೊಂದು ಎಂದು ಒತ್ತಿ ಒತ್ತಿ ಬೊಟ್ಟಿಟ್ಟಳು. ಕಚಗುಳಿಯಾಗಿ ಎಸಳು ಹೊರಳಾಡಿದಳು. "ಇನ್ನೊಂದು ಅವ್ವಾ, ಇಲ್ಲೊಂದು!" ಎಂದಳು. ಮೈತುಂಬ ಬಿಳಿ ಬೊಟ್ಟು. ಮೂತಿಯಲ್ಲಿ ತಂದ ಹುಡಿ ಮುಗಿದುಹೋಯಿತು.

"ಇನ್ನೊಂಚೂರು ತತ್ತೀನಿ. ನಾನು ಬರೋಗಂಟ ಅಲುಗಬ್ಯಾಡ. ಯಾರು ಬಂದ್ರೂ ಉಸುರು ಬುಡಬ್ಯಾಡ. ತಿಳೀತಾ?"

"ತಿಳೀತವ್ವ."

ಗರಿಕೆ ಹೊಳೆಗೆ ಇಳಿದಳು. ಸೀಳುನಾಯಿಗಳು ಗುಡ್ಡ ಇಳಿದವು.

"ಏನೈತೆ ಅಲ್ಲಿ?" ಎಂದು ಮುಂದಿನ ನಾಯಿ ಕೇಳಿತು.

"ಹುಲ್ಲೈತೆ. ಹುಲ್ಲಲ್ಲಿ ಗರಿಕೆ ಘಮ ಐತೆ," ಎಂದಿತು ಗಾಳಿ, ಇದ್ದುದನ್ನು ಇದ್ದಂತೆ.

ಎಸಳು ಅಲುಗಲಿಲ್ಲ. ಇದನ್ನು ಹೇಳಲೇಬೇಕು, ಆ ಮರಿ ಅವ್ವನ ಒಂದು ಮಾತನ್ನೂ ಮೀರಲಿಲ್ಲ. ನಿದ್ದೆಗೆ ಅಷ್ಟು ಹಟ ಮಾಡುತ್ತಿದ್ದವಳು ಅವತ್ತು ಕಣ್ಣು ಮುಚ್ಚಿ, ಕಿವಿ ಮಡಿಸಿ, ಹುಲ್ಲಿಗೆ ಹುಲ್ಲಾಗಿ ಮಲಗಿದ್ದಳು. ಮೊದಲನೆಯ ನಾಯಿ ಅವಳನ್ನು ಕಾಣದೆ ದಾಟಿತು. ಎರಡನೆಯದೂ ದಾಟಿತು. ಮೂರನೆಯದು ನಿಂತು, ಮೂಗೆತ್ತಿ, ಹಿಂದಕ್ಕೆ ತಿರುಗಿತು.

ಗರಿಕೆ ಬಂದು ನೋಡಿದರೆ ಅಷ್ಟಗಲ ಹುಲ್ಲು ನೆಲಕ್ಕೆ ಒರಗಿತ್ತು. ಮರಿ ಇರಲಿಲ್ಲ. ಹುಲ್ಲಿನ ಮೇಲೆ ಬಿಳಿಯ ಹುಡಿ ಇತ್ತು, ರಕ್ತವೂ ಇತ್ತು. ಘಮ ಇನ್ನೂ ಅಲ್ಲೇ ಸುಳಿಯುತ್ತಿತ್ತು.

"ಗಾಳಣ್ಣ, ಹೇಳ್ಬುಟ್ಯಾ?"

"ಹೇಳು ಅಂದಿದ್ಯಲ್ಲವ್ವ."

ಗರಿಕೆ ಓಡಿಹೋಗಿ ಹೊಳೆಗೆ ಬಿದ್ದಳು. ಮರಳಿಗೆ ಮೈ ಉಜ್ಜಿದಳು, ಬಂಡೆಗೆ ಉಜ್ಜಿದಳು. "ಬುಡವ್ವಾ, ಚರ್ಮ ಕಿತ್ತು ಬತ್ತೈತೆ" ಎಂದು ಹೊಳೆ ಬೇಡಿಕೊಂಡಿತು. ಅವಳು ಬಿಡಲಿಲ್ಲ. ಎಷ್ಟು ಉಜ್ಜಿದರೂ ಪ್ರಯೋಜನವಾಗಲಿಲ್ಲ. ದಿನಾ ಹಚ್ಚಿ ಹಚ್ಚಿ ಹುಡಿ ಚರ್ಮದೊಳಕ್ಕೆ ಇಳಿದುಬಿಟ್ಟಿತ್ತು. ಬಿದ್ದಲ್ಲೆಲ್ಲ ಬಿಳಿ ಚುಕ್ಕೆಯಾಗಿ ನಿಂತಿತ್ತು. ದಡದ ಕೇದಗೆ ತನ್ನ ಮುಳ್ಳೆಲೆಗಳನ್ನು ಹತ್ತಿರಕ್ಕೆ ಎಳೆದುಕೊಂಡಿತು.

ಮರುವರ್ಷ ಗರಿಕೆ ಇನ್ನೊಂದು ಮರಿ ಹಾಕಿದಳು. ನೆಕ್ಕಿ ಒರೆಸಿ ನೋಡುತ್ತಾಳೆ, ಮೈತುಂಬ ಬಿಳಿ ಚುಕ್ಕೆ! ನೆಕ್ಕಿದಳು, ನೆಕ್ಕಿಯೇ ನೆಕ್ಕಿದಳು, ನಾಲಿಗೆ ಒಣಗುವವರೆಗೂ ನೆಕ್ಕಿದಳು. ಒಂದು ಚುಕ್ಕೆಯೂ ಅಳಿಸಲಿಲ್ಲ. ಮೂಗಿಟ್ಟು ನೋಡಿದರೆ ಮರಿಯ ಮೈಯಲ್ಲಿ ಸಣ್ಣಗೆ ಅದೇ ಘಮ.

ಒಂದು ವರ್ಷ ಗಾಳಿಯ ಜೊತೆ ಮಾತು ಬಿಟ್ಟಿದ್ದವಳು ಈಗ ಅದನ್ನೇ ಕೂಗಿ ಕರೆದಳು.

"ಈ ಕೂಸಿನ ವಾಸ್ನೆ ತಗಂಡೋಗು ಗಾಳಣ್ಣ. ಘಮಾನೂ ಬ್ಯಾಡ, ಹುಲ್ಲಿಂದೂ ಬ್ಯಾಡ. ಏನೂ ಉಳಿಸಬ್ಯಾಡ."

ಗಾಳಿ ಮರಿಯನ್ನು ಮೆಲ್ಲಗೆ ಮೂಸಿತು. "ಚುಕ್ಕೆ ನನ್ ಕೈಲಿ ಆಗಕಿಲ್ಲ. ಘಮ ತಗೀಬೋದು, ಇನ್ನೂ ಹಸೇ ಮೈ." ಗರಿಕೆಯನ್ನೂ ಮೂಸಿ ಹೇಳಿತು: "ಆದ್ರೆ ನಿಂದು ಹೋಗಕಿಲ್ಲ ಕಣವ್ವ. ಒಳಿಕ್ಕೆ ಇಳಿದೈತೆ. ನೀನು ಪಕ್ಕದಾಗೆ ಕುಂತ್ರೆ ಮತ್ತೆ ಇದ್ಕೆ ಅಂಟ್ಕತದೆ."

"ಕುಂತ್ಕಳ್ದಿದ್ರೆ?"

"ನಾಯಿ ಬಂದು ಕೇಳಿದ್ರೆ ಇಲ್ಲೇನೂ ಇಲ್ಲ ಅಂತೀನಿ. ಸುಳ್ಳೂ ಆಗಕಿಲ್ಲ."

"ಹಾಲು?"

"ಬಿರ್ರನೆ ಬಾ, ಹಾಲು ಕೊಡು, ನೆಕ್ಕಿ ಒರ್ಸು, ಹೋಗು. ದೂರ ಹೋಗು."

"ನಿದ್ದೆ ಬರ್ದಿದ್ರೆ ಇದು ಯಾರ ಕತ್ತಿಗೆ ಮೂಗಿಡ್ತದೆ?"

ಲೋಕದ ಸುದ್ದಿಯೆಲ್ಲ ಗೊತ್ತಿದ್ದ ಗಾಳಿಗೆ ಇದು ಗೊತ್ತಿರಲಿಲ್ಲ.

ಗರಿಕೆ ಮರಿಗೆ ಹೊಟ್ಟೆತುಂಬ ಹಾಲು ಕೊಟ್ಟಳು. ಗಾಳಿ ಅದರ ಮೈಯ ಘಮವನ್ನೆಲ್ಲ ಬಳಿದುಕೊಂಡು ಹೋಯಿತು. "ಅಲುಗಬ್ಯಾಡ" ಎಂದು ಹೇಳಿ ಗರಿಕೆ ಎದ್ದು ನಡೆದಳು. ಹಿಂದಿನಿಂದ ಮರಿ ಒಮ್ಮೆ ಸಣ್ಣಗೆ ಕೂಗಿತು. ಗರಿಕೆಯ ಕಾಲು ನಿಂತಿತು. ಆದರೂ ಹಿಂದಕ್ಕೆ ಹೋಗಲಿಲ್ಲ. ಮೂರು ಕೂಗಳತೆ ದೂರದ ಮರದಡಿಗೆ ಹೋಗಿ, ಬೇರೆ ಕಡೆಗೆ ಮುಖ ಮಾಡಿ ನಿಂತಳು. ತಾನು ನೋಡಿದ ಕಡೆಗೆ ನಾಯಿಗಳೂ ನೋಡಿಬಿಟ್ಟಾವು ಎಂದು ಅವಳಿಗೆ ಭಯ.

ಆ ಮರಿ ಬದುಕಿತು. ಅದರ ಮರಿಗಳೂ ಬದುಕಿದವು. ಎಲ್ಲವೂ ಚುಕ್ಕೆ ಹೊತ್ತುಕೊಂಡೇ ಹುಟ್ಟಿದವು, ಎಲ್ಲವೂ ಹುಲ್ಲಿನಲ್ಲಿ ಒಂಟಿಯಾಗಿಯೇ ನಿದ್ದೆ ಕಲಿತವು.

ಅದಕ್ಕೇ ಕಂದಾ, ಇವತ್ತಿಗೂ ಕಾಡಂಚಿನ ಹುಲ್ಲಿನಲ್ಲಿ ಚುಕ್ಕೆ ಚುಕ್ಕೆಯ ಜಿಂಕೆಮರಿ ಒಂದೇ ಮಲಗಿರುವುದು ಕಂಡರೆ, ಅಯ್ಯೋ ತಬ್ಬಲಿ ಎಂದು ಎತ್ತಿಕೊಳ್ಳಬೇಡ, ನಿನ್ನ ಕೆನ್ನೆಯ ಪೌಡರಿನ ಘಮವೂ ಅದಕ್ಕೆ ತಾಗಬಾರದು. ದೂರದ ಮರದಡಿ ಇನ್ನೆಲ್ಲೋ ನೋಡುತ್ತ ನಿಂತಿದ್ದಾಳಲ್ಲ, ಅವಳೇ ಅದರ ತಾಯಿ.