ಕುಂಕುಮ ಇಟ್ಟ ಡಬ್ಬ

ಕಂಪ್ಯೂಟರ್ ರಿಪೇರಿ ತನಗೆ ಬರುತ್ತದೆ ಅಂತ ಸಹಕಾರ ಸಂಘದ ಗುಮಾಸ್ತ ತಿಪ್ಪೇಶಿ ಜಂಬ ಕೊಚ್ಚಿದ್ದೇ ತಪ್ಪಾಯಿತು. ಮ್ಯಾನೇಜರ್ ಪರಮಶಿವಯ್ಯನವರ ಕಂಪ್ಯೂಟರಿನಲ್ಲಿ ಸಂಘದ ಲೆಕ್ಕವೆಲ್ಲ ಇದ್ದ ಹಾರ್ಡ್ ಡಿಸ್ಕ್ ಆಗಾಗ ಪರದೆಯಿಂದ ಮಾಯವಾಗುತ್ತಿತ್ತು.

"ನಾಳೆ ಮಹಾಸಭೆ. ಇನ್ನೊಂದು ಸಲ ಅದು ಮಾಯವಾದರೆ ನೀನೂ ಮಾಯವಾಗ್ತೀಯ," ಅಂದರು ಸಾಹೇಬರು.

ತಿಪ್ಪೇಶಿ ಮೇಜಿನಡಿಯಿದ್ದ ಸಿಪಿಯು ಡಬ್ಬ ಬಿಚ್ಚಿದ, ಧೂಳು ಊದಿದ, ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ಡಿಸ್ಕ್ ಬಂತು, ಸಾಹೇಬರು ಕೆಲಸಕ್ಕೆ ಕೂತೊಡನೆ ಮತ್ತೆ ಹೋಯಿತು. ಕೊನೆಗೆ ಬೀಳಿಸಿಕೊಂಡ ಸ್ಕ್ರೂ ಹುಡುಕಲು ಮೇಜಿನಡಿ ತೂರಿದಾಗ ಕಾರಣ ಕಂಡಿತು. ಸಾಹೇಬರು ಡಬ್ಬದ ಮೇಲೆ ಕಾಲಿಟ್ಟು ಅಲ್ಲಾಡಿಸುತ್ತಿದ್ದರು. ಅಲ್ಲಾಡಿಸಿದಾಗಲೆಲ್ಲ ಒಳಗಿನ ವೈರು ಸಡಿಲವಾಗುತ್ತಿತ್ತು. "ಕಾಲು ತೆಗೀರಿ" ಅನ್ನುವ ಧೈರ್ಯ ತಿಪ್ಪೇಶಿಯ ವಂಶದಲ್ಲೇ ಯಾರಿಗೂ ಇರಲಿಲ್ಲ.

ಮರುದಿನ ಬೇಗ ಬಂದು ವೈರು ಗಟ್ಟಿಯಾಗಿ ಸಿಕ್ಕಿಸಿ, ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟ.

ಎಂದಿನಂತೆ ಕಾಲು ಚಾಚಿದ ಪರಮಶಿವಯ್ಯ ಕುಂಕುಮ ಕಂಡು ಸರಕ್ಕನೆ ಹಿಂದೆಳೆದುಕೊಂಡರು. ಡಬ್ಬ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಹಾಸಭೆ ಮುಗಿಯುವವರೆಗೂ ಡಿಸ್ಕ್ ಕದಲಲಿಲ್ಲ.

"ನಿನ್ನ ಪೂಜೆ ಫಲಿಸಿತು ಕಣಯ್ಯ," ಎನ್ನುತ್ತ ಸಾಹೇಬರು ಕುಂಕುಮದ ಭರಣಿ ಹಿಡಿದು ಬಂದು, ತಿಪ್ಪೇಶಿಯ ಮೇಜಿನಡಿಯ ಡಬ್ಬಕ್ಕೂ ಕೈಯಾರೆ ಇಡಲು ಬಗ್ಗಿದರು.

ತಿಪ್ಪೇಶಿ ಅದರ ಮೇಲಿದ್ದ ತನ್ನ ಎರಡೂ ಕಾಲುಗಳನ್ನು ಮೆಲ್ಲಗೆ ಇಳಿಸಿದ.