ಕೂದಲಿಗೆ ಅಲೆ ಕಲಿಸಿದ ನೂಲಿ

ಕಡಲಿನ ನೀರಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರದ ಕಾಲ. ಆಗ ಕಡಲ ತಳದ ಮರಳಿನಲ್ಲಿ ನೂಲಿ ಎಂಬ ಪುಟ್ಟ ಹುಳು ಇದ್ದಳು. ಮೈ ನೂಲಿನಷ್ಟೇ ಸಪೂರ. ಕೈಯಿಲ್ಲ, ಕಾಲಿಲ್ಲ. ಮರಳಲ್ಲಿ ಒಂದು ಬಿಲ, ಬಿಲದ ತುಂಬ ಮಕ್ಕಳು.

ಒಂದು ಮಳೆಗಾಲ, ಆಗಷ್ಟೇ ಹುಟ್ಟಿದ ನದಿ ಬೆಟ್ಟದ ಕೆಸರನ್ನೆಲ್ಲ ಹೊತ್ತು ಕಡಲಿಗೆ ಓಡಿಬಂತು. ಕೆಸರು ಬಿಲದೊಳಗೆ ಇಳಿಯಿತು. ಮಕ್ಕಳಿಗೆ ಉಸಿರು ಕಟ್ಟತೊಡಗಿತು. ನೂಲಿ ತಲೆಯಿಂದ ನೂಕಿದಳು, ಬಾಲದಿಂದ ನೂಕಿದಳು. ನೂಕಿದಷ್ಟೂ ಕೆಸರು ತುಂಬಿತು.

ಸ್ವಲ್ಪ ನಿಲ್ಲು ತಾಯಿ ಎಂದು ನದಿಯನ್ನು ಬೇಡಿಕೊಂಡಳು. ಇಳಿಜಾರು ಕಂಡಲ್ಲಿ ಓಡುವುದೇ ತನ್ನ ಹಣೆಬರಹ, ನಿಲ್ಲಲು ತನಗೆ ಬಾರದು ಎಂದಿತು ನದಿ. ಪಕ್ಕದ ಬಿಲದ ಏಡಿಯನ್ನು ಕೇಳಿದಳು. ಅಷ್ಟು ಚಿಕ್ಕ ಬಾಗಿಲಲ್ಲಿ ತಾನು ಹಿಡಿಸುವುದಿಲ್ಲ ಎಂದು ಏಡಿ ಅಡ್ಡಡ್ಡ ಸರಿದುಹೋಯಿತು.

ಕೊನೆಗೆ ನೂಲಿ ಕಡಲಮ್ಮನ ಮೊರೆಹೊಕ್ಕಳು. ಕಡಲಮ್ಮ ಮಡಿಲು ತಡಕಿ ನೋಡಿದಳು. ರೆಕ್ಕೆಗಳೆಲ್ಲ ಮೀನುಗಳಿಗೆ ಹೋಗಿದ್ದವು, ಚಿಪ್ಪುಗಳೆಲ್ಲ ಶಂಖಗಳಿಗೆ. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು, ಒಂದು ಹಿಡಿ.

"ಇಷ್ಟೇ ಇರೋದು ಮಗಳೇ."

"ಇಷ್ಟು ಸಾಕಮ್ಮ," ಎಂದು ನೂಲಿ ಅದನ್ನು ಮೈತುಂಬ ಅಂಟಿಸಿಕೊಂಡು ಬಿಲಕ್ಕೆ ಮರಳಿದಳು.

ಆದರೆ ಕೂದಲೆಲ್ಲ ಒಟ್ಟಿಗೆ ಮುಂದಕ್ಕೆ ಬೀಸಿದವು, ಒಟ್ಟಿಗೆ ಹಿಂದಕ್ಕೆ ಬೀಸಿದವು. ಮುಂದೆ ಹೋದ ಕೆಸರು ಹಾಗೇ ಹಿಂದೆ ಬಂತು. ಕಿರಿಯ ಮಗು ಮಿಸುಕಾಡುವುದನ್ನೇ ನಿಲ್ಲಿಸಿತು.

ದಿಕ್ಕು ತೋಚದೆ ನೂಲಿ ತಲೆ ಎತ್ತಿದಳು. ಮೇಲೆ ಅಲೆಗಳು ದಡಕ್ಕೆ ಹೊರಟಿದ್ದವು. ಎಲ್ಲವೂ ಒಟ್ಟಿಗೆ ಏಳುತ್ತಿರಲಿಲ್ಲ. ಒಂದು ಬಾಗಿದ ಮೇಲೆ ಇನ್ನೊಂದು, ಅದು ಬಾಗಿದ ಮೇಲೆ ಮತ್ತೊಂದು. ನೂಲಿ ನೋಡಿಯೇ ನೋಡಿದಳು.

ಆಮೇಲೆ ಕೂದಲುಗಳಿಗೆ ಹೇಳಿದಳು: "ಒಟ್ಟಿಗೆ ಬೇಡ. ಪಕ್ಕದವರು ಬಾಗಿದ ಮೇಲೆ ನೀವು ಬಾಗಿ. ತಳ್ಳುವಾಗ ನೆಟ್ಟಗಿರಿ. ವಾಪಸು ಬರುವಾಗ ಕೆಸರನ್ನು ಎಳೆದು ತರದ ಹಾಗೆ ಮೈ ಮಡಚಿಕೊಂಡು ಬನ್ನಿ."

ಮೊದಲ ಕೂದಲು ಬಾಗಿತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನೀರು ಅಲುಗಿತು. ಅಲುಗಿದ ನೀರು ಹರಿಯಿತು. ಕೆಸರು ಬಿಲದ ಬಾಯಿಂದ ಹೊಗೆಯ ಹಾಗೆ ಹೊರಬಿತ್ತು, ತಿಳಿನೀರು ಊಟದ ಕಣಗಳನ್ನೂ ಹೊತ್ತು ಒಳಗೆ ಬಂತು. ಕಿರಿಯ ಮಗು ಒಮ್ಮೆ ನಡುಗಿ, ಬಾಯಿ ತೆರೆದು, ಗಬಗಬನೆ ತಿನ್ನತೊಡಗಿತು.

ನೂಲಿ ಬಿಲದಿಂದ ತಲೆ ಹೊರಹಾಕಿ ನದಿಗೆ ಕೂಗಿ ಹೇಳಿದಳು: "ಕೆಸರು ಎಷ್ಟು ಬೇಕಾದರೂ ತಾ ತಾಯಿ. ನಮ್ಮ ಬಾಗಿಲು ತೆರೆದೇ ಇರುತ್ತೆ."

ಅದಕ್ಕೇ ಮಗೂ, ಇವತ್ತಿಗೂ ಪುಟ್ಟ ಕಡಲಹುಳುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ಮೈಮೇಲಿನ ಕಿರುಗೂದಲುಗಳು ಒಂದರ ಹಿಂದೊಂದು ಬಾಗುತ್ತ, ಅಲೆಯಲೆಯಾಗಿ ನೀರನ್ನು ತಳ್ಳುತ್ತಲೇ ಇರುತ್ತವೆ.